ಸೇತುವೆಯ ಎಲುಬು

"ಗಾಳಿ ಇತ್ತು ಅಂತೀಯಲ್ಲ, ಯಾವ ಕಡೆಯಿಂದ ಬೀಸ್ತಿತ್ತು?"

ಜಿಗಿತಗಾರ ಹುಡುಗ ನೆದಿಮ್ ಅಂಗಾಲನ್ನು ನೆಲಕ್ಕೆ ಉಜ್ಜಿದ. ಇನ್‌ಸ್ಪೆಕ್ಟರ್ ರಾಬಿಯಾ ಗೊಲೊಶ್ ಅವನೆದುರಿನ ಬೆಂಚಿನ ಮೇಲೆ ಕೂತು, ಯಾವ ಅವಸರವೂ ಇಲ್ಲದವಳ ಹಾಗೆ ದಾಳಿಂಬೆ ರಸ ಹೀರುತ್ತಿದ್ದಳು.

"ಬಡಗಣ ಗಾಳಿ ಅಕ್ಕಾ. ಜೋರಾಗಿತ್ತು. ಅದಕ್ಕೇ ಅಷ್ಟು ಹೊತ್ತು ನಿಂತೆ."

"ಬಡಗಣ ಗಾಳಿ ಬೀಸಿದ್ರೆ ಕೆಳಗಿನ ಕೆಬಾಬ್ ಅಂಗಡಿ ಹೊಗೆ ದಾರ ಕಟ್ಟಿದ ಹಾಗೆ ನೆಟ್ಟಗೆ ಯಾಕೆ ಮೇಲಕ್ಕೆ ಹೋಗ್ತಿತ್ತು? ಪ್ರವಾಸಿಗಳು ತೆಗೆದ ಫೋಟೋ ಒಂದೊಂದರಲ್ಲೂ ಇದೆ. ಮೊಸ್ತಾರಿನವಳ ಹತ್ರ ಗಾಳಿ ಕಥೆ ಹೇಳ್ಬೇಡ ಕಣೋ. ಸರಾಯೆವೊದವರಿಗೆ ಹೇಳು, ನಂಬ್ತಾರೆ."

ಬೇರೆ ದಿನವಾಗಿದ್ದರೆ ಹುಡುಗ ನಗುತ್ತಿದ್ದ. ಇವತ್ತು ತಲೆ ಎತ್ತಲಿಲ್ಲ. ಸೇತುವೆಯಿಂದ ನದಿಗೆ ಹಾರುವ ಜಿಗಿತಗಾರರ ಸಂಘದ ಕಲ್ಲಿನ ಕೋಣೆಯ ಹೊರಗೆ ಹಳೆಯ ಸೇತುವೆಯ ಮೇಲೆ ಜನ ಇರುವೆಗಳಂತೆ ಹರಿದಾಡುತ್ತಿದ್ದರು. ಇನ್ನ್ಯಾರೋ ಜಿಗಿಯಲು ತಯಾರಾಗಿ ಟೋಪಿ ಹಿಡಿದು ಚಿಲ್ಲರೆ ಎತ್ತುತ್ತಿದ್ದ. ಅವನ ಕೂಗು ಒಳಗೆ ಬಂದಾಗಲೆಲ್ಲ ನೆದಿಮ್‌ನ ಪಾದದ ಬೆರಳುಗಳು ತಾವಾಗಿಯೇ ನೆಲವನ್ನು ಒತ್ತುತ್ತಿದ್ದವು.

ನಿನ್ನೆ ಮಧ್ಯಾಹ್ನ ಅವನು ಸೇತುವೆಯ ಕಟಕಟೆಯ ಮೇಲೆ ನಿಂತು ಊರಿನ ಕಣ್ಣನ್ನೆಲ್ಲ ತನ್ನತ್ತ ಸೆಳೆದಿದ್ದಾಗಲೇ, ಪಕ್ಕದ ಜುಮ್ರಾ ಕಾಫಿಮನೆಯ ಮಹಡಿಯ ಗಾಜಿನ ಪೆಟ್ಟಿಗೆಯಿಂದ 'ಸೇತುವೆಯ ಎಲುಬು' ಮಾಯವಾಗಿತ್ತು.

ಹೆಸರು ಎಲುಬು, ವಸ್ತು ಕಬ್ಬಿಣ. ಎರಡು ತುದಿ ಬಾಗಿದ, ಮೊಳದುದ್ದದ ಕೊಕ್ಕೆ. ಹಳೆಯ ಸೇತುವೆಯ ಕಲ್ಲುಗಳನ್ನು ಒಂದಕ್ಕೊಂದು ಬಿಗಿದಿದ್ದು ಇಂಥ ಕೊಕ್ಕೆಗಳೇ. ತೊಂಬತ್ತರ ದಶಕದ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಸೇತುವೆ ನೆರೆತ್ವಾ ನದಿಗೆ ಕುಸಿದ ಚಳಿಗಾಲದಲ್ಲಿ, ಎರಡೂ ದಡದಿಂದ ಬಂದೂಕುಗಳು ಮಾತಾಡುತ್ತಿದ್ದಾಗ, ಸಾಲ್ಕೊ ಎಂಬ ಜಿಗಿತಗಾರ ಹಿಮದಂಥ ನೀರಿಗೆ ಮುಳುಗಿ ಇದನ್ನು ಮೇಲೆ ತಂದಿದ್ದ. ಊರು ಆಮೇಲೆ ಸೇತುವೆಯನ್ನು ಮತ್ತೆ ಕಟ್ಟಿತು, ಮೊದಲಿದ್ದ ಹಾಗೆಯೇ ಕಟ್ಟಿತು. ಆದರೂ ಅಜ್ಜಂದಿರ ಕಾಲದ ಸೇತುವೆಯದ್ದು ಅಂತ ಕೈಯಲ್ಲಿ ಹಿಡಿಯಬಹುದಾದದ್ದು ಈ ಕಬ್ಬಿಣ ಒಂದೇ ಎಂದು ಮೊಸ್ತಾರಿನವರ ಹೆಮ್ಮೆ. ನೆರೆತ್ವಾ ಕಣಿವೆಯ ಗುಂಟ ರೈಲಿನಲ್ಲಿ ಬಂದವರು, ಪೊಚಿತೆಲ್ ಕೋಟೆ ಹತ್ತಿದವರು, ಬ್ಲಾಗಾಯ್‌ನ ಬಂಡೆಯಡಿ ಸೂಫಿ ಮಠ ನೋಡಿದವರು, ಎಲ್ಲರೂ ಕೊನೆಗೆ ಆ ಗಾಜಿನ ಮುಂದೆ ಟೋಪಿ ತೆಗೆದು ನಿಲ್ಲುತ್ತಿದ್ದರು.

"ನೋಡು ನೆದಿಮ್," ರಾಬಿಯಾ ಲೋಟ ಕೆಳಗಿಟ್ಟಳು. "ನೀನು ಯಾವತ್ತೂ ಅಷ್ಟು ಹೊತ್ತು ನಿಲ್ಲೋನಲ್ಲ. ನಿನ್ನೆ ನಿಂತೆ. ಆ ಹೊತ್ತಿನಲ್ಲೇ ಕಳ್ಳತನ ಆಯ್ತು. ನಮ್ಮ ಸಾಹೇಬರ ಲೆಕ್ಕ ಏನು ಗೊತ್ತಾ? ನೀನು ಜನರ ಕಣ್ಣು ಕಟ್ಟಿದೆ, ನಿನ್ನ ಜೊತೆಗಾರ ಕೈ ಹಾಕಿದ. ಸಂಜೆಯೊಳಗೆ ನಿನ್ನನ್ನ ಠಾಣೆಗೆ ಕರ್ಕೊಂಡು ಬಾ ಅಂದಿದ್ದಾರೆ."

"ಕರ್ಕೊಂಡು ಹೋಗಿ."

"ಭಾನುವಾರ ವರ್ಷದ ಜಿಗಿತದ ಹಬ್ಬ."

"ಗೊತ್ತು."

"ಕಳ್ಳ ಅಂತ ಒಂದು ಸಲ ಹೆಸರು ಹೊಡೆದು ಹಾಕಿದ್ರೆ ಸಂಘದವರು ಮತ್ತೆ ಬರೆಯಲ್ಲ. ಸಾಯೋ ತನಕ ಆ ಕಟಕಟೆ ಹತ್ತೋ ಹಾಗಿಲ್ಲ. ಅದೂ ಗೊತ್ತಾ?"

ನೆದಿಮ್ ಈಗ ಮುಖ ಎತ್ತಿದ. ಕಣ್ಣು ಕೆಂಪಾಗಿತ್ತು, ಆದರೆ ಗದ್ದ ಮೇಲೆಯೇ ಇತ್ತು. "ಗಾಳಿ ಇತ್ತು ಅಕ್ಕಾ," ಎಂದ.

ರಾಬಿಯಾಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಒಂದು ಮೆಚ್ಚುಗೆಯೂ ಬಂತು. ಹೀಗೆ ನೆಟ್ಟಗೆ ಕೂತು ಸುಳ್ಳು ಹೇಳುವವನು ತನಗಾಗಿ ಹೇಳುತ್ತಿಲ್ಲ ಎಂದು ಅವಳಿಗೆ ಅನಿಸಿತು.

*

ಕಾಫಿಮನೆಯಲ್ಲಿ ಜುಮ್ರಾ ತನ್ನ ದುಃಖವನ್ನು ವ್ಯಾಪಾರಕ್ಕೆ ಅಡ್ಡಿಯಾಗಲು ಬಿಟ್ಟಿರಲಿಲ್ಲ. ತಾಮ್ರದ ತಟ್ಟೆಯಲ್ಲಿ ಕಾಫಿಯ ಪುಟ್ಟ ಬಟ್ಟಲುಗಳನ್ನು ಜೋಡಿಸುತ್ತಲೇ ಅಳುತ್ತಿದ್ದಳು, ಅಳುತ್ತಲೇ ಗಿರಾಕಿಗಳಿಗೆ ಸಕ್ಕರೆ ಅಚ್ಚನ್ನು ಅದ್ದಿ ಕಚ್ಚುವುದು ಹೇಗೆಂದು ತೋರಿಸುತ್ತಿದ್ದಳು.

"ಬಾರೇ ರಾಬಿಯಾ. ಈ ಮಹಾನುಭಾವನ್ನ ಮೊದಲು ವಿಚಾರಿಸು. ಮೂರು ದಿನದಿಂದ ನನ್ನ ಎಲುಬನ್ನೇ ನೋಡ್ತಾ ಕೂತಿದ್ದ."

ಮೂಲೆಯಲ್ಲಿದ್ದ ಗಡ್ಡದ ಪ್ರವಾಸಿ ಲಿಂಡ್‌ನರ್ ಎದ್ದು ನಿಂತ. ಸಾಲ್ಜ್‌ಬರ್ಗಿನವನು. ನದಿ ಕಣಿವೆಗಳ ಹಳೆಯ ಸೇತುವೆಗಳ ಬಗ್ಗೆ ಪುಸ್ತಕ ಬರೆಯಲು ದ್ರೀನಾ, ಊನಾ ನದಿಗಳ ಗುಂಟ ನಡೆದು ಬಂದವನು. ಈ ನಾಡಿನ ಭಾಷೆಯನ್ನು ಮಣ್ಣಿನ ಮಡಕೆ ಹೊತ್ತವನ ಹಾಗೆ ಎಚ್ಚರದಿಂದ ಆಡುತ್ತಿದ್ದ.

"ನಾನು ಕೆಳಗೆ ನದಿ ದಡದ ಮರಳಿನಲ್ಲಿದ್ದೆ, ಇನ್‌ಸ್ಪೆಕ್ಟರ್. ಜಿಗಿತವನ್ನು ಚಿತ್ರೀಕರಿಸುತ್ತಿದ್ದೆ. ನನಗೇ ನಷ್ಟ. ನಾಳೆ ಆ ಕಬ್ಬಿಣವನ್ನು ಭೂತಗನ್ನಡಿಯಲ್ಲಿ ನೋಡಲು ಈ ಅಮ್ಮ ಒಪ್ಪಿದ್ದರು."

"ಒಪ್ಪದೆ ಏನು? ಅವರ ಊರಲ್ಲೂ ಒಂದು ನದಿ ಇದೆಯಂತೆ. ಸೇತುವೆಯಿಂದ ಒಬ್ಬನೂ ಹಾರಲ್ಲವಂತೆ!" ಜುಮ್ರಾ ಮೂಗು ಒರೆಸಿಕೊಂಡಳು. "ಏನು ಊರೋ, ಏನು ಗಂಡಸರೋ."

ಲಿಂಡ್‌ನರ್ ಬೇಸರಿಸಿಕೊಳ್ಳದೆ ತನ್ನ ಕ್ಯಾಮೆರಾ ಕೊಟ್ಟ. ಅವನು ಚಿತ್ರಿಸಿದ್ದರಲ್ಲಿ ಮೊದಲಿಂದ ಕೊನೆಯವರೆಗೆ ಅವನ ಉಸಿರಿನ ಸದ್ದೂ ಇತ್ತು. ಅವನು ಮಹಡಿಯಲ್ಲಿರಲು ಸಾಧ್ಯವಿಲ್ಲ, ಅಲ್ಲಿಗೆ ಆ ಅನುಮಾನ ಮುಗಿಯಿತು.

ಆದರೆ ರಾಬಿಯಾ ಕ್ಯಾಮೆರಾವನ್ನು ಹಿಂದಿರುಗಿಸಲಿಲ್ಲ. ಹಿಗ್ಗಿಸಿ ನೋಡಿದಳು, ಮತ್ತೆ ಹಿಗ್ಗಿಸಿದಳು.

ಜಿಗಿಯುವವನು ಕಟಕಟೆ ಹತ್ತಿದ ಮೇಲೆ ನೋಡುವುದು ನೀರನ್ನು. ಸಣ್ಣವರಿದ್ದಾಗಲೇ ಇದನ್ನು ಹೇಳಿಕೊಡುತ್ತಾರೆ. ನೆದಿಮ್ ನೀರನ್ನು ನೋಡುತ್ತಿರಲಿಲ್ಲ. ಎಡಕ್ಕೆ ನೋಡುತ್ತಿದ್ದ, ಈ ಕಾಫಿಮನೆಯ ಮಹಡಿಯ ಕಿಟಕಿಯ ಕಡೆಗೆ. ನೋಡಿದವನು ನೋಡುತ್ತಲೇ ನಿಂತಿದ್ದ.

ಕಳ್ಳನನ್ನು ಅವನು ಕಂಡಿದ್ದಾನೆ.

ರಾಬಿಯಾ ಜುಮ್ರಾಳನ್ನು ಕರೆದುಕೊಂಡು ಮಹಡಿಗೆ ಹೋದಳು. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ, ಗೀಚಿರಲೂ ಇಲ್ಲ. ಅವಳನ್ನು ನಿನ್ನೆಯಿಂದ ಕಾಡುತ್ತಿದ್ದುದು ಒಳಗಿನ ಮಖಮಲ್ಲು ಬಟ್ಟೆ. ಕದ್ದು ಓಡುವವನು ಬಟ್ಟೆಯನ್ನು ಮುದುಡಿ ಹೋಗುತ್ತಾನೆ. ಇವನು ಸುಕ್ಕು ತೆಗೆದು, ಅಂಚನ್ನು ಪೆಟ್ಟಿಗೆಯ ಅಂಚಿಗೆ ಹೊಂದಿಸಿ, ಗಾಜನ್ನು ಒರೆಸಿ ಹೋಗಿದ್ದ. ದೇವರ ಕೋಣೆಯಿಂದ ಹೊರಗೆ ಬರುವವನ ನಡವಳಿಕೆ ಅದು.

"ಜುಮ್ರಾ ಅಕ್ಕಾ, ಈ ಪೆಟ್ಟಿಗೆ ಯಾರು ಒರೆಸ್ತಾರೆ?"

"ವರ್ಷಕ್ಕೊಂದು ಸಲ ಜಿಗಿತಗಾರರಲ್ಲಿ ಒಬ್ಬರು, ಹಬ್ಬಕ್ಕೆ ಮುಂಚೆ. ಈ ಸಲ ನೆದಿಮ್ ಒರೆಸಿದ. ಎಷ್ಟು ಜತನ ಮಾಡಿ ಒರೆಸಿದ ಅಂತೀಯಾ, ಮಗು ಮೈ ಒರೆಸಿದ ಹಾಗೆ. ಅವನು ಕದೀತಾನಾ? ನಿಮ್ಮ ಸಾಹೇಬನ ತಲೆಗೆ ಬಿಸಿಲು ಹೊಡೆದಿದೆ."

"ಅವನಿಗೆ ಮುಂಚೆ ಯಾರು ಒರೆಸ್ತಿದ್ರು?"

"ಇನ್ನ್ಯಾರು? ತಂದವನೇ. ಸಾಲ್ಕೊ."

ರಾಬಿಯಾ ಕಿಟಕಿಯ ಬಳಿ ನಿಂತಳು. ಇಲ್ಲಿಂದ ಸೇತುವೆ ಪಕ್ಕದಿಂದ ಕಾಣುತ್ತದೆ, ಜಿಗಿಯುವವನ ಹಿಮ್ಮಡಿಯಿಂದ ನೆತ್ತಿಯವರೆಗೆ. ಬಿಳಿ ಕಲ್ಲಿನ ಆ ಕಮಾನು, ಅದರಡಿ ಹಸಿರು ನೀರು. ಹುಟ್ಟಿದಾಗಿನಿಂದ ನೋಡಿದ್ದರೂ ಎದೆ ಒಂದು ಗೇಣು ಉಬ್ಬಿತು. ಇಂಥ ಊರು ಇನ್ನೆಲ್ಲಿದೆ ಎಂದು ಅವಳು ತನ್ನಷ್ಟಕ್ಕೆ ಹೇಳಿಕೊಂಡಳು.

ಆಗಲೇ ಅವಳಿಗೆ ನಿನ್ನೆ ಸಂಜೆ ಸಾಲ್ಕೊ ಮಾಡಿದ ಫೋನು ನೆನಪಾಯಿತು. ಮುದುಕ ಬ್ಲಾಗಾಯ್‌ನಿಂದ ಈಗ ಬಂದೆ ಅಂದಿದ್ದ, ದಾಯಾದಿಯ ಜೊತೆ ಮೀನು ತಿಂದು ಬಂದೆ ಅಂದಿದ್ದ. ಕಳ್ಳನ ಏಳು ತಲೆಮಾರನ್ನು ಬೈದಿದ್ದ. ಪೆಟ್ಟಿಗೆ ಹೇಗಿತ್ತು, ಜುಮ್ರಾ ಎಲ್ಲಿದ್ದಳು, ಎಲ್ಲವನ್ನೂ ಕೇಳಿದ್ದ.

ಒಂದನ್ನು ಮಾತ್ರ ಕೇಳಿರಲಿಲ್ಲ. ತಾನು ಸಾಕಿ ಕಲಿಸಿದ ನೆದಿಮ್ ಅಷ್ಟು ಹೊತ್ತು ನಿಂತು ಜಿಗಿದನಲ್ಲ, ಆ ಜಿಗಿತ ಹೇಗಿತ್ತು?

*

ರಾದೊಬೊಲ್ಯಾ ಹಳ್ಳದ ಮೇಲಿನ ಸಣ್ಣ ಸೇತುವೆ ದಾಟಿದರೆ ಸಾಲ್ಕೊನ ಅಂಗಳ. ಅಂಜೂರದ ಮರದಡಿ ಕೂತು ಹಿತ್ತಾಳೆಯ ಗಿರಣಿಯಲ್ಲಿ ಕಾಫಿ ಬೀಜ ಬೀಸುತ್ತಿದ್ದ. ಎಪ್ಪತ್ತರ ಹತ್ತಿರದ ಮನುಷ್ಯ, ಬೆನ್ನು ಮಾತ್ರ ಇನ್ನೂ ಬಾಗಿರಲಿಲ್ಲ. ಈ ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವನು ಅವನು. ರಾಬಿಯಾಳ ಕುತ್ತಿಗೆ ಹಿಡಿದು ಮೊದಲ ಸಲ ನೆರೆತ್ವಾಕ್ಕೆ ಅದ್ದಿದವನೂ ಅವನೇ.

"ಬಾ ಮಗಳೇ, ಕೂತ್ಕೋ. ಸಿಕ್ಕಿದ್ನಾ ಕಳ್ಳ?"

"ಸಿಗ್ತಾನೆ ಮಾಮ."

"ಆ ಸಾಲ್ಜ್‌ಬರ್ಗ್ ಗಡ್ಡದವನ ಪೆಟ್ಟಿಗೆ ಬಿಚ್ಚಿ ನೋಡಿದ್ಯಾ?"

"ಬಿಚ್ಚಿದ್ದಾಯ್ತು. ಒಗೆಯದ ಕಾಲುಚೀಲ, ಸೇತುವೆ ಚಿತ್ರ. ಅದು ಬಿಟ್ರೆ ಏನಿಲ್ಲ."

ಸಾಲ್ಕೊ ಬೀಸುತ್ತಲೇ ಇದ್ದ. ರಾಬಿಯಾ ಅಂಗಳದ ಬೆಂಚಿನ ಮೇಲೆ ಕೂತಳು. ತಾನು ಮಾಡಲು ಹೊರಟಿದ್ದ ಕೆಲಸ ಅವಳಿಗೆ ಇಷ್ಟವಿರಲಿಲ್ಲ. ಈ ಊರಿನಲ್ಲಿ ತಾಯಿಯನ್ನು ಬೈದರೂ ಒಂದು ಕಾಫಿಗೆ ರಾಜಿಯಾಗುವವರಿದ್ದಾರೆ. ಒಳ್ಳೆಯ ಜಿಗಿತವನ್ನು ಕೆಟ್ಟದ್ದೆಂದರೆ ಸುಮ್ಮನೆ ಕೂರುವವನು ಇನ್ನೂ ಹುಟ್ಟಿಲ್ಲ. ಅದನ್ನು ತಿಳಿದೇ ಅವಳು ಬಂದಿದ್ದಳು.

"ನೆದಿಮ್ ಹೆಸರನ್ನ ಭಾನುವಾರದ ಪಟ್ಟಿಯಿಂದ ತೆಗೀತಾರಂತೆ ಮಾಮ."

"ಯಾಕೆ? ಕದ್ದಿಲ್ಲ ಅಂತ ನೀನು ತೋರಿಸಿದ್ರೆ?"

"ಕಳ್ಳತನದ ಮಾತು ಬಿಡಿ. ಕದ್ದಿಲ್ಲ ಅಂದ್ರೂ ತೆಗೀತಾರೆ. ನಿನ್ನೆ ಜಿಗಿತ ನೋಡಿದ ಮೇಲೆ."

ಗಿರಣಿಯ ಹಿಡಿ ಅರ್ಧದಲ್ಲಿ ನಿಂತಿತು, ಮತ್ತೆ ತಿರುಗಿತು.

"ಹ್ಞೂಂ? ಏನಾಗಿತ್ತು ಜಿಗಿತಕ್ಕೆ?"

"ಅದನ್ನ ಜಿಗಿತ ಅಂತ ಕರೀಬೇಕಾ? ಹೆದರಿ ನಿಂತ. ಆಮೇಲೆ ಆಲೂಗಡ್ಡೆ ಮೂಟೆ ಉರುಳಿದ ಹಾಗೆ ಬಿದ್ದ. ಕಾಲು ಅಗಲ, ಕೈ ಸೊಟ್ಟ."

"ಯಾರಂದಿದ್ದು?"

"ಎಲ್ಲಾರೂ. ಸಾಲ್ಕೊ ಕಲಿಸಿದ್ದು ಇಷ್ಟೇನಾ ಅಂತ ಜುಮ್ರಾ ಕೂಡ ನಕ್ಳು."

ಮುದುಕನ ಕುತ್ತಿಗೆ ಕೆಂಪಗಾಯಿತು. ಗಿರಣಿಯ ಹಿಡಿಯನ್ನು ಜೋರಾಗಿ ತಿರುಗಿಸಿದ. "ಇರಬಹುದು," ಎಂದ. "ಹುಡುಗ ಅಲ್ವಾ. ತಪ್ಪಾಗತ್ತೆ." ಆ ಮಾತು ಅವನ ಗಂಟಲಿನಿಂದ ಮೀನಿನ ಮುಳ್ಳಿನ ಹಾಗೆ ಬಂತು.

ಇನ್ನೊಂದು ಗಳಿಗೆಯಾದರೆ ರಾಬಿಯಾ ಸೋತು ಎದ್ದು ಹೋಗುತ್ತಿದ್ದಳು. ಬೆಂಕಿಗೆ ಕೊನೆಯ ತುಪ್ಪ ಸುರಿದಳು.

"ಸರಾಯೆವೊದಿಂದ ಬಂದಿದ್ದ ಪ್ರವಾಸಿಗಳು ಸಿಳ್ಳೆ ಹೊಡೆದ್ರು ಮಾಮ. ನಮ್ಮೂರ ಈಜುಕೊಳದಲ್ಲಿ ಮಕ್ಕಳು ಇದಕ್ಕಿಂತ ಚೆನ್ನಾಗಿ ಬೀಳ್ತಾರೆ ಅಂದ್ರು."

"ಸರಾಯೆವೊ!"

ಗಿರಣಿ ನೆಲಕ್ಕೆ ಬಿತ್ತು, ಕಾಫಿಪುಡಿ ಅಂಗಳವೆಲ್ಲ ಚೆಲ್ಲಿತು. ಸಾಲ್ಕೊ ಎದ್ದು ನಿಂತಿದ್ದ.

"ಮೊಣಕಾಲು ಮುಳುಗದ ಹಳ್ಳ ಇಟ್ಕೊಂಡು ನಮಗೆ ಹೇಳೋಕೆ ಬರ್ತಾರಾ? ಅವರ ನದೀಲಿ ಬಾತುಕೋಳಿ ನಡ್ಕೊಂಡು ಹೋಗತ್ತೆ ಕಣೇ! ಕಾಲು ಅಗಲ ಅಂದೋನು ಯಾವನು? ಕರೀ ಅವನ್ನ. ಎಡಗಾಲಲ್ಲಿ ಒದ್ದು ಬಿಟ್ಟ, ಬಲಗಾಲಲ್ಲಲ್ಲ. ಎದೆ ಮುಂದೆ, ಕೈ ಹೀಗೆ!"

ಅಂಜೂರದ ಮರದಡಿ ಎರಡೂ ಕೈ ಚಾಚಿ ನಿಂತ. ಆ ಕ್ಷಣಕ್ಕೆ ಅವನ ವಯಸ್ಸೆಲ್ಲ ಎಲ್ಲಿಗೋ ಹೋಗಿತ್ತು.

"ಎರಡು ಹಿಮ್ಮಡಿನೂ ಒಟ್ಟಿಗೆ ಹಿಂದಕ್ಕೆ ಮಡಿಸಿದ. ನಡುವೆ ಒಂದು ಕಾಗದ ಇಟ್ಟಿದ್ರೂ ಬೀಳ್ತಿರಲಿಲ್ಲ. ಬೇರೆಯವರು ಅರ್ಧ ದಾರೀಲೇ ಹೆದರಿ ಕಾಲು ನೆಟ್ಟಗೆ ಮಾಡ್ತಾರೆ. ಅವನು ಮಾಡಲಿಲ್ಲ. ಕಾದ. ನೀರು ಮುಖಕ್ಕೆ ಬರೋ ತನಕ ಕಾದ. ಆಮೇಲೆ ಚಾಕು ಬಿಚ್ಚಿದ ಹಾಗೆ ಬಿಚ್ಚಿಕೊಂಡ ನೋಡು, ನೆರೆತ್ವಾಗೆ ನೋವೇ ಆಗಲಿಲ್ಲ. ಅಂಥ ಜಿಗಿತ ನಾನು ಜಿಗಿದಿಲ್ಲ ಕಣೇ! ನನ್ನ ಜನ್ಮದಲ್ಲೇ ಜಿಗಿದಿಲ್ಲ!"

ಅವನ ಕಣ್ಣಲ್ಲಿ ನೀರಿತ್ತು. ಕೈಗಳು ಇನ್ನೂ ಚಾಚಿಯೇ ಇದ್ದವು. ಹಿಂದೆ ಹಳ್ಳ ಹರಿಯುವ ಸದ್ದು ಕೇಳುತ್ತಿತ್ತು.

"ಬ್ಲಾಗಾಯ್‌ನಿಂದ ಅಷ್ಟು ಚೆನ್ನಾಗಿ ಕಾಣತ್ತಾ ಮಾಮ?" ರಾಬಿಯಾ ಮೆಲ್ಲಗೆ ಕೇಳಿದಳು.

ಕೈಗಳು ನಿಧಾನವಾಗಿ ಕೆಳಗಿಳಿದವು.

"ಮರಳಿನ ಮೇಲಿದ್ದವರಿಗೆ ಎದೆ, ಮುಖ ಕಾಣತ್ತೆ. ಸೇತುವೆ ಮೇಲಿದ್ದವರಿಗೆ ಬೆನ್ನು. ಎರಡು ಹಿಮ್ಮಡಿ ಒಟ್ಟಿಗೆ ಮಡಿಸಿದ್ದು ಪಕ್ಕದಿಂದ ನೋಡಿದವರಿಗೆ ಮಾತ್ರ ಕಾಣೋದು. ಆ ಪಕ್ಕಕ್ಕೆ ಇರೋದು ಒಂದೇ ಕಿಟಕಿ."

ಸಾಲ್ಕೊನ ಮೀಸೆಯಡಿ ಏನೋ ಅಲುಗಿತು. ನಗು ಅದು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಕಥೆ. ಚೆನ್ನಾಗಿ ಕಲಿತಿದ್ದೀಯ ಹುಡುಗಿ. ನಿನಗೆ ಈಜು ಕಲಿಸಿದ್ದು ದಂಡ ಆಗಲಿಲ್ಲ."

ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಅದಕ್ಕೇ ರಾಬಿಯಾಗೆ ನಾಚಿಕೆಯಾಯಿತು. ಗುರುವನ್ನು ಅವನ ಹೆಮ್ಮೆಯ ಗಾಳದಿಂದಲೇ ಹಿಡಿದಿದ್ದಳು. ಹಿಡಿದದ್ದಕ್ಕೆ ಅವನೇ ಶಹಬ್ಬಾಸ್ ಅನ್ನುತ್ತಿದ್ದ.

"ಯಾಕೆ ಮಾಮ? ನೀವೇ ತಂದಿದ್ದನ್ನ ನೀವೇ ಕದೀತೀರಾ?"

"ನಾನು ಕದ್ದಿದ್ದು ನಾನು ತಂದಿದ್ದಲ್ಲ."

ಒಳಗೆ ಹೋಗಿ ಒಂದು ಗಂಟು ತಂದು ಬೆಂಚಿನ ಮೇಲೆ ಬಿಚ್ಚಿದ. ಮೊಳದುದ್ದದ ಕೊಕ್ಕೆ, ಎರಡು ತುದಿ ಬಾಗಿದ್ದು, ತುಕ್ಕು ಹಿಡಿದದ್ದು.

"ಎತ್ತಿ ನೋಡು. ಹಗುರ. ತುಕ್ಕು ನೋಡು, ಹೋದ ತಿಂಗಳದ್ದು. ನನ್ನದರ ಅಂಚಲ್ಲಿ ಒಂದು ಕಚ್ಚು ಇತ್ತು, ಹಲ್ಲು ಮುರಿದ ಹಾಗೆ. ಇದರಲ್ಲೂ ಕಚ್ಚು ಮಾಡಿದ್ದಾನೆ, ಅರದಿಂದ ಉಜ್ಜಿ. ಹೋದ ವಾರ ಕಾಫಿ ಕುಡಿಯೋಕೆ ಹೋದೋನಿಗೆ ಗಾಜಿನ ಹೊರಗಿಂದ್ಲೇ ಅನುಮಾನ ಬಂತು. ನಿನ್ನೆ ತೆಗೆದು ಹಿಡಿದು ನೋಡಿದೆ. ಆ ಬೀಗ ಹಾಕಿದ್ದೇ ನಾನು, ಅದರ ಸ್ವಭಾವ ನಂಗೊತ್ತು. ಕೈಗೆ ತಗೊಂಡ ತಕ್ಷಣ ಗೊತ್ತಾಯ್ತು, ನಕಲು."

"ಆಗ್ಲೇ ಕೂಗಬಹುದಿತ್ತಲ್ಲ!"

"ಏನಂತ ಕೂಗ್ಲಿ? ಹಬ್ಬಕ್ಕೆ ದೇಶದೇಶದಿಂದ ಜನ ಬಂದು ನಿಂತಿದ್ದಾರೆ. ಬನ್ನಿ ಬನ್ನಿ, ಮೊಸ್ತಾರಿನವರು ನಿಮಗೆ ನಕಲಿ ಕಬ್ಬಿಣ ತೋರಿಸಿ ಕೈ ಮುಗಿಸ್ತಾ ಇದ್ದಾರೆ ಅಂತ ಕೂಗ್ಲಾ? ಸುಳ್ಳಿಗೆ ಕೈ ಮುಗಿಯೋದಕ್ಕಿಂತ ಖಾಲಿ ಪೆಟ್ಟಿಗೆ ವಾಸಿ. ನಿಜವಾದದ್ದನ್ನ ಹುಡುಕಿ ಸದ್ದಿಲ್ಲದೆ ಇಡೋಣ ಅಂದ್ಕೊಂಡೆ." ಅವನು ಮುಖ ಒರೆಸಿಕೊಂಡ. "ಆ ಹೊತ್ತಿಗೆ ಹುಡುಗ ಕಟಕಟೆ ಮೇಲೆ ನಿಂತಿದ್ದ. ಓಡಿ ಹೋಗ್ಬೇಕಿತ್ತು. ಅವನ ಜಿಗಿತ ನೋಡದೆ ಹೆಂಗೇ ಹೋಗ್ಲಿ?"

"ಅವನ ಮೇಲೆ ಅನುಮಾನ ಬಿದ್ದಿದೆ ಅಂತ ಗೊತ್ತಿದ್ದೂ ಸುಮ್ಮನಿದ್ರಲ್ಲ."

"ಸಂಜೆ ನಾನೇ ಠಾಣೆಗೆ ಬರ್ತಿದ್ದೆ. ಈ ನೀರಿನ ಆಣೆ. ಬರ್ಕೋ, ತೆಗೆದಿದ್ದು ಸಾಲ್ಕೊ. ಹುಡುಗನಿಗೆ ಏನೇನೂ ಗೊತ್ತಿಲ್ಲ. ಭಾನುವಾರ ಅವನು ಜಿಗೀಬೇಕು. ನಾನು ಜೈಲಿನ ಕಿಟಕಿಯಿಂದ ಚಪ್ಪಾಳೆ ಕೇಳಿಸ್ಕೋತೀನಿ, ಅಷ್ಟು ಸಾಕು. ಇರು, ಚಪ್ಪಲಿ ಕಾಲಲ್ಲಿ ಬರೋನಲ್ಲ ನಾನು. ಸಂಘದ ಕೋಟು ಹಾಕ್ಕೊಂಡು ಬರ್ತೀನಿ."

ಅವನು ಒಳಗೆ ಹೋದ. ಪೆಟ್ಟಿಗೆ ತೆರೆಯುವ ಸದ್ದು, ಪದಕಗಳು ಒಂದಕ್ಕೊಂದು ತಾಕುವ ಸದ್ದು ಕೇಳಿಸಿತು. ರಾಬಿಯಾ ಸಾಹೇಬರಿಗೆ ಫೋನು ಮಾಡಿದಳು. ಅವಳ ದನಿಯಲ್ಲಿ ಬಿಗುಮಾನವಿತ್ತು, ಅದನ್ನು ಮುಚ್ಚಿಡಲು ಅವಳು ಹೋಗಲೂ ಇಲ್ಲ.

"ಹುಡುಗನದ್ದು ತಪ್ಪಿಲ್ಲ ಸಾರ್. ಕಳುವಾಗಿದ್ದೂ ಅಸಲಿ ಅಲ್ಲ, ಅದಕ್ಕೆ ಮುಂಚೆನೇ ಯಾರೋ ನಕಲಿ ಇಟ್ಟಿದ್ರು."

"ಹಾಗಾದ್ರೆ ನಕಲಿ ಇಟ್ಟೋನೇ ಕಳ್ಳ. ಅವನ್ನ ಹಿಡಿ. ಅಲ್ಲೀತನಕ ಹುಡುಗನ ಹೆಸರು ಹೊಡೆಯಲ್ಲ. ಸರಿನಾ?"

"ಸರಿ ಸಾರ್."

ಫೋನು ಇಟ್ಟು ತಿರುಗಿದರೆ, ಅಂಗಳದ ಬಾಗಿಲಲ್ಲಿ ನೆದಿಮ್ ನಿಂತಿದ್ದ. ಓಡಿ ಬಂದವನು ಏದುಸಿರು ಬಿಡುತ್ತಿದ್ದ. ಎದೆಗೆ ಒಂದು ಟವೆಲ್ಲಿನ ಗಂಟನ್ನು ಅವಚಿಕೊಂಡಿದ್ದ.

"ಮಾಮನ್ನ ಬಿಟ್ಬಿಡಿ ಅಕ್ಕಾ. ನೀವು ಈ ಕಡೆ ಬಂದ್ರಿ ಅಂತ ಗೊತ್ತಾದ ಕೂಡ್ಲೇ ಬಂದೆ. ಅವರು ತೆಗೆದಿದ್ದನ್ನ ನಾನು ಕಟಕಟೆ ಮೇಲಿಂದ ನೋಡಿದೆ. ಕಾಲು ಕಲ್ಲಾಗೋಯ್ತು."

"ಅದು ಮುಗೀತು ಕಣೋ. ಅವರೇ ಹೇಳಿದ್ರು. ಪೆಟ್ಟಿಗೇಲಿದ್ದದ್ದು ನಕಲಿ."

"ಗೊತ್ತು. ನಾನೇ ಮಾಡಿದ್ದು. ಯಾಬ್ಲಾನಿತ್ಸಾ ಊರಲ್ಲಿ, ನಮ್ಮ ಚಿಕ್ಕಪ್ಪನ ಕುಲುಮೇಲಿ. ಒರೆಸೋಕೆ ಕೊಟ್ಟಿದ್ದ ಬೀಗದ ಕೈಯಿಂದ್ಲೇ ತೆಗೆದು ಬದಲಾಯಿಸ್ದೆ."

ಅವನು ಗಂಟು ಬಿಚ್ಚಿ ಒಳಗಿದ್ದ ಕೊಕ್ಕೆಯನ್ನು ರಾಬಿಯಾಳ ಕೈಗಿಟ್ಟ. ಭಾರವಾಗಿತ್ತು. ಅಂಚಿನಲ್ಲಿ ಹಲ್ಲು ಮುರಿದ ಹಾಗೆ ಒಂದು ಕಚ್ಚು. ನದಿ ನೀರಿನ ಸುಣ್ಣ ಕಬ್ಬಿಣದ ಮೇಲೆ ಪೊರೆ ಕಟ್ಟಿತ್ತು.

"ಯಾಕೋ? ಯಾಕೆ ಮಾಡ್ದೆ ಇದನ್ನ?"

"ತಿರುಗಿಸಿ ನೋಡಿ," ನೆದಿಮ್ ಪಿಸುಗುಟ್ಟಿದ. "ಮೆಲ್ಲಗೆ. ಮಾಮ ಬರೋಕೆ ಮುಂಚೆ."

ತಳದಲ್ಲಿ ಒಂದು ಕಡೆ ಸುಣ್ಣದ ಪೊರೆ ಚಕ್ಕೆ ಎದ್ದು ಬಿದ್ದಿತ್ತು. ಅಲ್ಲಿ ಕಬ್ಬಿಣದ ಮೇಲೆ ಒಂದು ಮುದ್ರೆ ಉಬ್ಬಿತ್ತು. ಚಕ್ರ, ಚಕ್ರದ ಎರಡು ಬದಿಗೆ ರೆಕ್ಕೆ.

ಅದನ್ನು ಗುರುತಿಸದವರು ಈ ಕಣಿವೆಯಲ್ಲಿಲ್ಲ. ನೆರೆತ್ವಾದ ಗುಂಟ ಹಿಂದೆ ಓಡುತ್ತಿದ್ದ ಸಣ್ಣ ರೈಲಿನ ಗುರುತು. ಹಳೆಯ ನಿಲ್ದಾಣಗಳ ಗೋಡೆಯ ಮೇಲೆ ಇನ್ನೂ ಇದೆ. ರೈಲಿನವರು ಮರದ ತೊಲೆಗಳನ್ನು ಬಿಗಿಯಲು ಬಳಸುತ್ತಿದ್ದ ಕೊಕ್ಕೆ ಇದು. ಹಳೆಯ ಸೇತುವೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಸಾಲ್ಕೊ ಗುಂಡುಗಳ ನಡುವೆ, ಕೆಸರು ನೀರಿನಲ್ಲಿ, ಪ್ರಾಣ ಪಣಕ್ಕಿಟ್ಟು ಮೇಲೆ ತಂದಿದ್ದು ಯಾವುದೋ ರೈಲಿನ ಗುಜರಿಯನ್ನು.

"ಒರೆಸುವಾಗ ಚಕ್ಕೆ ಬಿತ್ತು ಅಕ್ಕಾ. ಅವತ್ತೇ ಜುಮ್ರಾ ಅಕ್ಕನಿಗೆ ಲಿಂಡ್‌ನರ್ ಕಾಗದ ಬಂದಿತ್ತು, ಮುಂದಿನ ತಿಂಗಳು ಭೂತಗನ್ನಡಿ ತರ್ತೀನಿ ಅಂತ. ನಕಲಿ ಅಂತ ಗೊತ್ತಾದ್ರೆ ಕಳುವಾಗಿದೆ ಅಂತಾರೆ, ಅಷ್ಟೇ. ರೈಲಿನದ್ದು ಅಂತ ಗೊತ್ತಾದ್ರೆ ಮಾಮನ್ನ ಸುಳ್ಳುಗಾರ ಅಂತಾರೆ. ಅವರಿಗೆ ಗೊತ್ತಿಲ್ಲ ಅಕ್ಕಾ. ಅವರು ನಿಜವಾಗ್ಲೂ ಸೇತುವೆದೇ ಅಂದ್ಕೊಂಡಿದ್ದಾರೆ. ನಾನು ದುಡ್ಡಿಗೆ ಕದ್ದೆ ಅಂತ ಬರ್ಕೊಳ್ಳಿ. ನನ್ನ ಹೆಸರು ಹೊಡೆದು ಹಾಕ್ಲಿ. ಈ ಮುದ್ರೆ ಮಾತ್ರ..."

ಬಾಗಿಲು ಕಿರುಗುಟ್ಟಿತು. ಸಂಘದ ನೀಲಿ ಕೋಟು ಹಾಕಿ, ಪದಕಗಳನ್ನು ಸಿಕ್ಕಿಸಿ, ಕೂದಲಿಗೆ ನೀರು ಸವರಿ ಬಾಚಿ ಸಾಲ್ಕೊ ಹೊರಗೆ ಬಂದ. ರಾಬಿಯಾ ಹೆಬ್ಬೆರಳನ್ನು ಮುದ್ರೆಯ ಮೇಲೆ ಒತ್ತಿ ಹಿಡಿದಳು.

ಮುದುಕನ ಕಣ್ಣು ಅವಳ ಕೈಗೆ ಬಿತ್ತು. ಕಚ್ಚನ್ನು ದೂರದಿಂದಲೇ ಗುರುತಿಸಿದ. ಅವನ ಮುಖ ಬೆಳಗಿದ್ದನ್ನು ನೋಡಲಾರದೆ ಅವಳು ತಲೆ ತಗ್ಗಿಸಿದಳು.

"ಸಿಕ್ಬಿಡ್ತಾ! ಎಲ್ಲಿತ್ತೇ? ಯಾವ ಬೇವಾರ್ಸಿ ಹತ್ರ ಇತ್ತು?"

"ನನ್ನ ಹತ್ರ ಮಾಮ," ನೆದಿಮ್ ಅಂದ. "ನಾನೇ ಕದ್ದಿದ್ದು. ಮಾರೋಣ ಅಂತ."

ಸಾಲ್ಕೊ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದ, ಮೊದಲ ಸಲ ನೋಡುತ್ತಿರುವವನ ಹಾಗೆ. ಅವನಿಗೆ ಬೆನ್ನು ತಿರುಗಿಸಿ ರಾಬಿಯಾಳ ಕಡೆ ಕೈ ಚಾಚಿದ, ಕೋಟಿನ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದ.

"ಕೊಡು ಮಗಳೇ. ಇವನ ಕೈ ಸೋಕಿದೆ. ಪೂರ್ತಿ ಒರೆಸಿ, ನಾನೇ ತಗೊಂಡು ಹೋಗಿ ಇಡ್ತೀನಿ."

ಮುದುಕನ ಬೆನ್ನ ಹಿಂದಿನಿಂದ ನೆದಿಮ್ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ. ರಾಬಿಯಾ ಮುದ್ರೆಯ ಮೇಲಿನ ಹೆಬ್ಬೆರಳನ್ನು ತೆಗೆಯಲಿಲ್ಲ, ಕಬ್ಬಿಣವನ್ನೂ ಬಿಡಲಿಲ್ಲ.

ಸಾಲ್ಕೊ ಕಬ್ಬಿಣದ ಇನ್ನೊಂದು ತುದಿಯನ್ನು ಹಿಡಿದು ತನ್ನ ಕಡೆಗೆ ಎಳೆದ.